ಗೊರಕೆಯ ವಿಚಾರಣೆ

ಕೊಳ್ಳಲು ಬಂದ ಗಂಡ ಹೆಂಡತಿ ಇಬ್ಬರೂ ತಲೆಯ ಹತ್ತಿರವೇ ನಿಂತು ನೋಡುತ್ತಿದ್ದರೂ ಅವನಿಗೆ ಎದ್ದು ಕೂರಲು ಮನಸ್ಸಾಗಲಿಲ್ಲ. ಹಾಸಿಗೆ ಅಂಗಡಿಯ ಒಳಕೋಣೆಯಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಸುಲಿಯದ ದೊಡ್ಡ ಹಾಸಿಗೆಯ ಮೇಲೆ, ಬೂಟು ಬಿಚ್ಚಿ, ಟೈಯನ್ನು ಹೊಟ್ಟೆಯ ಮೇಲೆ ನೇರ ಮಾಡಿಕೊಂಡು, ಗಿರಾಕಿಗಳಿಗೆ ತೋರಿಸಲೆಂದು ಅಂಗಾತ ಮಲಗಿದ್ದ. ದಿನಕ್ಕೆ ಹತ್ತಾರು ಸಲ ಹೀಗೆ ಊರವರ ಕಣ್ಣೆದುರು ಮಲಗಿ ಏಳುವುದೇ ಅವನ ಕಸುಬು. ಹೊರಳಿ ತೋರಿಸಬೇಕು, ಬೆನ್ನಿನ ಕೆಳಗೆ ಕೈ ತೂರಿಸಿ ‘ನೋಡಿ, ಸಂದೇ ಇಲ್ಲ’ ಅನ್ನಬೇಕು, ಮಕ್ಕಳು ಪಕ್ಕದಲ್ಲಿ ಹತ್ತಿ ಕುಣಿದರೂ ಮುಗುಳ್ನಗಬೇಕು. ಇವತ್ತು ಮಾತ್ರ ಹೊರಳಲಾರದೆ ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ನಾಳೆ ಬೆಳಿಗ್ಗೆ, ಇಡೀ ಕಟ್ಟಡದವರ ಎದುರಿಗೆ, ನಿವಾಸಿಗಳ ಸಂಘದ ಕೋಣೆಯಲ್ಲಿ ಅವನ ಗೊರಕೆಯ ವಿಚಾರಣೆ. ಯೋಚಿಸಿದಷ್ಟೂ ಅವನಿಗೆ ತಾನು ಈಗಲೇ ಕಟಕಟೆಯಲ್ಲಿ ಮಲಗಿರುವಂತೆ, ಈ ಗಿರಾಕಿ ದಂಪತಿ ತನ್ನ ಮೂಗಿನ ಹೊಳ್ಳೆಗಳನ್ನೇ ಪರೀಕ್ಷಿಸುತ್ತಿರುವಂತೆ ಅನ್ನಿಸತೊಡಗಿತು.

“ಒಬ್ಬರು ಹೊರಳಿದ್ರೆ ಇನ್ನೊಬ್ಬರಿಗೆ ಗೊತ್ತಾಗಲ್ಲ ತಾನೇ?” ಹೆಂಗಸು ಕೇಳಿದಳು.

“ಗೊತ್ತೇ ಆಗಲ್ಲ ಮೇಡಂ. ಪಕ್ಕದಲ್ಲಿ ಯಾರಿದಾರೆ ಅನ್ನೋದೇ ಮರೆತುಹೋಗತ್ತೆ.”

“ಅಷ್ಟಾದ್ರೆ ಸಾಕು. ಪ್ಯಾಕ್ ಮಾಡಿ,” ಅಂದ ಗಂಡ.

ಪಕ್ಕದಲ್ಲಿ ಯಾರಿದ್ದಾರೆಂದು ಒಂದು ದಿನಕ್ಕೂ ಮರೆಯಲಾಗದ ಮನುಷ್ಯ ಇಂಥ ಸುಳ್ಳನ್ನು ಹಲ್ಲುಕಿರಿದು ಹೇಳಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಮದುವೆಯಾದ ಹೊಸತರಲ್ಲಿ ಒಂದು ಬೆಳಗಿನ ಜಾವ, ಹೆಂಡತಿ ತನ್ನದೇ ಗೊರಕೆಗೆ ಬೆಚ್ಚಿ ಎದ್ದು ಕೂತಿದ್ದಳು. ಕೆದರಿದ ಕೂದಲು, ಅರ್ಧ ಮುಚ್ಚಿದ ಕಣ್ಣು, ಕೆನ್ನೆಯ ಮೇಲೆ ದಿಂಬಿನ ಗೆರೆ. “ಏನ್ರೀ ಅದು ಸದ್ದು?” ಅಂದಿದ್ದಳು ಹೆದರಿ. ಅವಳ ಮುಖ ನೋಡಿ ಅವನ ನಾಲಿಗೆ ತಾನಾಗಿಯೇ ಹೊರಳಿತ್ತು: “ನಾನೇ ಕಣೇ, ಗೊರಕೆ ಹೊಡೆದೆ ಅನ್ಸತ್ತೆ.” ಅಷ್ಟೇ. ಒಂದು ಗಳಿಗೆಯ ಒಳ್ಳೆಯತನ. ಅವಳು ನಕ್ಕು, “ಅಯ್ಯೋ ನಿಮ್ಮ, ಒಳ್ಳೆ ಲಾರಿ ಹತ್ತಿದ ಹಾಗಿತ್ತು,” ಎಂದು ಮತ್ತೆ ಮಲಗಿ ಎರಡೇ ನಿಮಿಷಕ್ಕೆ ಅದೇ ಲಾರಿಯನ್ನು ಏರು ಹತ್ತಿಸಿದ್ದಳು. ಬೆಳಗಾಗುವ ಹೊತ್ತಿಗೆ ಅವನು ಗೊರಕೆಯವನಾಗಿದ್ದ. ವಾರ ಕಳೆಯುವುದರೊಳಗೆ ಅತ್ತೆ ಮನೆಗೆ ಗೊತ್ತಾಗಿತ್ತು. ನೆಂಟರಿಷ್ಟರ ಮನೆಗೆ ಹೋದರೆ ಅವನ ಚಾಪೆಯನ್ನು ಯಾರೂ ಹೇಳದೆಯೇ ಹೊರಗಿನ ಹಜಾರದಲ್ಲಿ ಹಾಸುತ್ತಿದ್ದರು, ಒಳಗೆ ಹೆಂಗಸರ ಕೋಣೆಯಿಂದ ಆ ಸದ್ದು ಮೊಳಗುತ್ತಿದ್ದರೆ ಮಾವ ಎದ್ದು ಬಂದು ಇವನನ್ನೇ ಅಲುಗಾಡಿಸಿ “ಸ್ವಲ್ಪ ಮಗ್ಗುಲಾಗಿ ಅಳಿಯಂದ್ರೇ,” ಅನ್ನುತ್ತಿದ್ದರು. ಇವನು, ಆ ತನಕ ಕಣ್ಣು ಬಿಟ್ಟುಕೊಂಡೇ ಮಲಗಿದ್ದವನು, ಸುಮ್ಮನೆ ಮಗ್ಗುಲಾಗುತ್ತಿದ್ದ. ಹೆಂಡತಿ ಅವನ ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿದಿದ್ದಳು, ಅಂಗಾತ ಮಲಗದಿರಲಿ ಎಂದು. ಮೂಗಿಗೆ ಹನಿ ಬಿಟ್ಟಿದ್ದಳು, ಪಟ್ಟಿ ಅಂಟಿಸಿದ್ದಳು, ಉಪ್ಪುನೀರು ಸೇದಿಸಿದ್ದಳು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದಾಗ ತನ್ನ ಸೆರಗಿನಿಂದಲೇ ಒರೆಸಿ, “ಪಾಪ, ನಿಮ್ಮ ತಪ್ಪೇನಿದೆ, ದೇಹದ ಗುಣ,” ಅನ್ನುತ್ತಿದ್ದಳು. ಆಗೆಲ್ಲ ಅವನಿಗೆ ಒಳಗೊಳಗೇ ಒಂದು ಬಗೆಯ ಹಿತವಾಗುತ್ತಿತ್ತು. ತಾನೆಷ್ಟು ದೊಡ್ಡವನು ಎಂಬ ಹಿತ.

ಎಲ್ಲ ಹೀಗೇ ಹೋಗುತ್ತಿತ್ತು, ಆ ಪುಟಗೋಸಿ ನೋಟಿಸು ಬರದಿದ್ದರೆ. ಬಾಗಿಲ ಸಂದಿಯಿಂದ ನುಸುಳಿ ಬಂದಿತ್ತು: ‘ಮಧ್ಯಾಹ್ನದ ನಿಶ್ಶಬ್ದ ವೇಳೆಯಲ್ಲಿ ತಾವು ನಿರಂತರವಾಗಿಯೂ ಉದ್ದೇಶಪೂರ್ವಕವಾಗಿಯೂ ಗೊರಕೆ ಹೊಡೆದು ನೆರೆಯವರ ನೆಮ್ಮದಿಗೆ ಭಂಗ ತಂದಿರುವುದು ಸಂಘದ ಗಮನಕ್ಕೆ ಬಂದಿದ್ದು, ತಮಗೆ ದಂಡ ವಿಧಿಸಲಾಗಿದೆ.’ ಉದ್ದೇಶಪೂರ್ವಕವಾಗಿ! ಮನುಷ್ಯ ಸಂಚು ಹೂಡಿ ಗೊರಕೆ ಹೊಡೆಯುತ್ತಾನೆಯೇ? ಆದರೆ ಸಂಘದ ಜನಕ್ಕೆ ಇಂಥದ್ದೆಲ್ಲ ಹೊಳೆಯುವುದಿಲ್ಲ. ಜೀವಮಾನವಿಡೀ ಯಾರೋ ಸಾಹೇಬನ ಮುಂದೆ ಕೈಕಟ್ಟಿ ನಿಂತು, ನಿವೃತ್ತಿಯಾದ ಮೇಲೆ ಒಂದು ರಬ್ಬರ್ ಮೊಹರು ಸಿಕ್ಕಿದ್ದೇ ಅಕ್ಕಪಕ್ಕದವರ ಮೂಗಿನ ಮೇಲೆ ಒತ್ತಲು ಹೊರಡುವ ಜಾತಿ ಅದು. ಬಾಲ್ಕನಿಯಲ್ಲಿ ಒದ್ದೆ ಟವೆಲ್ಲು ಹಾಕಿದರೆ ದಂಡ, ಲಿಫ್ಟಿನಲ್ಲಿ ಸೀನಿದರೆ ದಂಡ. ಕಾರ್ಯದರ್ಶಿ ನಿವೃತ್ತ ಆಡಿಟರು, ಇವರ ಮಲಗುವ ಕೋಣೆಯ ಗೋಡೆಯ ಆಚೆಗೇ ಇರುವವರು. ಎಲ್ಲರೂ ಅವರನ್ನು ‘ಗೋಡೆ’ ಎಂದೇ ಕರೆಯುತ್ತಿದ್ದರು, ಕಾರಣ, ಕಟ್ಟಡದಲ್ಲಿ ಯಾರು ಏನೇ ಮಾತಾಡಿದರೂ ಅದು ಅವರಿಗೆ ಕೇಳಿಸಿರುತ್ತಿತ್ತು.

ಮಾಡಬೇಕಾದದ್ದು ಸರಳವಾಗಿತ್ತು. ಯಾರಿಗೂ ಹೇಳದೆ ದಂಡ ಕಟ್ಟಿ ನೋಟಿಸು ಹರಿದು ಬಿಸಾಡುವುದು. ಆದರೆ ಆ ದಿನ ಹೆಂಡತಿಯೇ ಮೊದಲು ಅದನ್ನು ಎತ್ತಿಕೊಂಡಿದ್ದಳು. ಅವಳು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು. ಕಂಬ ಕಂಬಕ್ಕೂ ಕಟ್ಟಿದ ಸ್ಪೀಕರುಗಳಲ್ಲಿ ಅವಳ ದನಿ ‘ಪ್ರಯಾಣಿಕರ ಗಮನಕ್ಕೆ’ ಎಂದಿತೆಂದರೆ ಜಗಳವಾಡುತ್ತಿದ್ದವರು ಜಗಳ ನಿಲ್ಲಿಸುತ್ತಾರೆ, ಅಳುವ ಮಗು ಬಾಯಿ ಮುಚ್ಚುತ್ತದೆ. ಊರಿಗೆ ಊರೇ ಅವಳ ಮಾತಿಗೆ ಎದ್ದು ಗಂಟುಮೂಟೆ ಹೊತ್ತು ಓಡುತ್ತದೆ. ‘ಗಮನಕ್ಕೆ ಮೇಡಂ’ ಎಂದು ತರಕಾರಿ ಅಂಗಡಿಯಲ್ಲೂ ಗೌರವ. ಅವಳಿಗೆ ಮುಖಕ್ಕಿಂತ ದನಿಯ ಬಗ್ಗೆ ಹೆಚ್ಚು ಜಂಬ; ತಣ್ಣೀರು ಕುಡಿಯಳು, ಕೂಗಾಡಳು. ಕತ್ತಲಿರುವಾಗಲೇ ಕೆಲಸಕ್ಕೆ ಹೋಗಿ ಮಧ್ಯಾಹ್ನ ಸುಸ್ತಾಗಿ ಬಂದು, ಎರಡು ತುತ್ತು ಉಂಡು, ದಿಂಬಿಗೆ ತಲೆ ಕೊಡುತ್ತಾಳೆ. ಆ ಗಂಟಲಿನಿಂದಲೇ ಗೋಡೆ ಅದುರುವ ಆ ಸದ್ದು ಹೊರಡುತ್ತದೆಂದು ಊರಿಗೆ ತಿಳಿದರೆ ಗತಿಯೇನು? ನಾಳೆ ಅವಳು ‘ಗಮನಕ್ಕೆ’ ಎಂದಾಗ ನಿಲ್ದಾಣದ ತುಂಬ ನಗು ಹರಡಿದರೆ? ಅವಳು ಮೈಕಿನ ಮುಂದೆ ಕೂತು ಬಾಯಿ ತೆರೆಯಲಾರದೆ ಹೋದರೆ?

ಅವಳು ನೋಟಿಸು ಓದಿ ಉರಿದು ಬಿದ್ದಿದ್ದಳು. “ಮಧ್ಯಾಹ್ನ ನೀವು ಮನೇಲೇ ಇರಲ್ಲ! ಅಂಗಡೀಲಿರ್ತೀರಿ! ಅಲ್ಲಿಂದ ಇಲ್ಲೀವರೆಗೂ ಗೊರಕೆ ಕೇಳಿಸತ್ತಾ? ಏನಂದ್ಕೊಂಡಿದಾನೆ ಆ ಗೋಡೆ?”

“ಹೋಗ್ಲಿ ಬಿಡೇ, ಕಟ್ಟಿಬಿಡೋಣ. ರಾತ್ರಿ ಹೊಡೀತೀನಲ್ಲ, ಅದರ ಲೆಕ್ಕಕ್ಕೆ ಹಾಕ್ಕೊಳ್ಳಲಿ.”

“ರಾತ್ರಿ ಹೊಡೆಯೋದು ನಮ್ಮ ಮನೆ ವಿಷಯ. ಮಧ್ಯಾಹ್ನದ್ದು ಸುಳ್ಳು ಆರೋಪ. ನಾನು ಅಲ್ಲೇ ಮಲಗಿರ್ತೀನಲ್ರೀ, ನನಗೆ ಒಂದು ದಿನಕ್ಕೂ ಕೇಳಿಸಿಲ್ವಲ್ಲ!”

ಅವನು ನೀರು ಕುಡಿದ. ಅವಳು ತಮ್ಮನಿಗೆ ಫೋನು ಹಚ್ಚಿದಳು. ತಮ್ಮ ಹೊಸ ವಕೀಲ. ಕೋಟು ಹೊಲಿಸಿದ್ದ, ಕೇಸು ಸಿಕ್ಕಿರಲಿಲ್ಲ. ‘ಪಾಯಿಂಟ್ ಏನು ಗೊತ್ತಾ’ ಎನ್ನದೆ ಅವನು ಉಪ್ಪಿನ ಡಬ್ಬಿಯನ್ನೂ ಕೇಳುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಅವನ ಹೆಸರೇ ಪಾಯಿಂಟ್ ಆಗಿಹೋಗಿತ್ತು. ಮೂಗಿನ ಮೇಲೊಂದು ಕೇಸು ಸಿಕ್ಕಿದ್ದೇ ತಡ, ಸಂಜೆಗೆಲ್ಲ ಕೋಟು ಹಾಕಿಕೊಂಡೇ ಓಡಿ ಬಂದ.

“ಪಾಯಿಂಟ್ ಏನು ಗೊತ್ತಾ ಭಾವ? ಇವರು ಮೊದಲು ದಂಡ ಹಾಕಿ ಆಮೇಲೆ ಹೇಳಿದಾರೆ. ಹಾಗೆ ಮಾಡೋ ಹಾಗೇ ಇಲ್ಲ. ನಿಮ್ಮ ಮಾತು ಕೇಳದೆ ದಂಡ ಹಾಕೋಕೆ ಇವರ್ಯಾರು? ಯಾವ ನಿಯಮ ಮುರಿದ್ರಿ ಅಂತ ಕಲಮು ತೋರಿಸಬೇಕು. ಇದರಲ್ಲಿ ಎಲ್ಲಿದೆ ಕಲಮು? ಸಾಕ್ಷಿ ಏನಿದೆ ಅಂತ ನೋಡೋ ಹಕ್ಕು ನಿಮಗಿದೆ. ಇನ್ನೂ ದೊಡ್ಡದು, ದೂರು ಕೊಟ್ಟೋನೂ ಅವನೇ, ರುಜು ಹಾಕಿದೋನೂ ಅವನೇ! ಚಿಂದಿ ಮಾಡ್ತೀನಿ ಭಾವ.”

“ಚಿಂದಿ ಎಲ್ಲ ಬೇಡ ಮಾರಾಯ.”

“ನಿಮಗೆ ಧೈರ್ಯ ಇಲ್ಲ ಅಂತ ಅಕ್ಕ ಹೇಳಿದಳು. ನಾನಿದೀನಿ. ನೀವು ಅಂಗಡೀಲಿದ್ರಿ ಅನ್ನೋದೊಂದೇ ಸಾಕು, ಕೇಸು ಫಿನಿಷ್.”

ಅವನಿಗೆ ಇದಕ್ಕಿಂತ ದೊಡ್ಡ ಸಂಕಟ ಯಾವತ್ತೂ ಬಂದಿರಲಿಲ್ಲ. ಬಡವನಿಗೆ ಹಕ್ಕು ಇಲ್ಲವೆಂದು ಕೇಳಿದ್ದ. ಹಕ್ಕುಗಳು ಹೀಗೆ ಹಿಂಡು ಹಿಂಡಾಗಿ ಬಂದು ಮನುಷ್ಯನನ್ನು ಮೂಲೆಗೆ ಒತ್ತುತ್ತವೆಂದು ಯಾರೂ ಹೇಳಿರಲಿಲ್ಲ. ಪಾಯಿಂಟ್ ಬಿಡಿಸಿಟ್ಟ ಒಂದೊಂದು ಹಕ್ಕೂ ಒಂದೊಂದು ಬಾಗಿಲು, ಯಾವ ಬಾಗಿಲು ತೆರೆದರೂ ಒಳಗೆ ಮಂಚದ ಮೇಲೆ ಅವಳು ಬಾಯಿ ತೆರೆದು ಮಲಗಿದ್ದಾಳೆ. ಅವನು ಅಂಗಡಿಯಲ್ಲಿದ್ದನೆಂದು ರುಜುವಾತಾದರೆ ಮನೆಯಲ್ಲಿದ್ದವರು ಯಾರು? ಅಕ್ಕ ತಮ್ಮ ಇಬ್ಬರಿಗೂ ಇದು ಹೊಳೆಯಲಿಲ್ಲ. ಅವರ ಲೋಕದಲ್ಲಿ ಗೊರಕೆ ಅಂದರೆ ಭಾವ, ಭಾವ ಅಂದರೆ ಗೊರಕೆ. ಭಾವ ಇಲ್ಲದಿದ್ದಾಗ ಗೊರಕೆಯೂ ಇರಲು ಸಾಧ್ಯವಿಲ್ಲ.

ಆಕ್ಷೇಪಣೆ ಹೋಯಿತು. ಸಾಕ್ಷಿ ತೋರಿಸಬೇಕೆಂಬ ಬೇಡಿಕೆಯೂ ಹೋಯಿತು. ಗೋಡೆಯವರು ಅದನ್ನೇ ಕಾದಿದ್ದವರಂತೆ ಇವನನ್ನು ಮನೆಗೆ ಕರೆದು, ಸೋಫಾದ ಮೇಲೆ ಮಂಡಿಗೆ ಮಂಡಿ ತಾಗುವಂತೆ ಪಕ್ಕದಲ್ಲೇ ಕೂರಿಸಿಕೊಂಡರು. ಗೋಡೆಗೆ ಸ್ಟೀಲ್ ಲೋಟ ಒತ್ತಿ ಅದರೊಳಗೆ ಫೋನಿಟ್ಟು ರೆಕಾರ್ಡು ಮಾಡಿದ್ದರಂತೆ. ಇದ್ದದ್ದು ಒಂದೇ ಇಯರ್‌ಫೋನು. ಒಂದು ತುದಿ ಅವರ ಕಿವಿಗೆ, ಇನ್ನೊಂದು ಇವನ ಕಿವಿಗೆ. ಇಬ್ಬರು ಗಂಡಸರು ಒಂದೇ ದಾರಕ್ಕೆ ಕಟ್ಟಿದ ಎತ್ತುಗಳಂತೆ ತಲೆ ತಗ್ಗಿಸಿ ಕೂತು ಅವನ ಹೆಂಡತಿಯ ನಿದ್ದೆಯನ್ನು ಕೇಳಿದರು. ಮೊದಲು ಹದವಾದ ಉಸಿರು, ಆಮೇಲೆ ಮರದ ಪೆಟ್ಟಿಗೆಯನ್ನು ಸಿಮೆಂಟು ನೆಲದ ಮೇಲೆ ಎಳೆದ ಹಾಗೆ, ಆಮೇಲೆ ಒಂದು ಮೌನ, ಗೋಡೆಯವರು ಬೆರಳೆತ್ತಿ “ಈಗ ನೋಡಿ, ಈಗ,” ಅಂದರು, ಆಮೇಲೆ ಸೀಟಿ. ಅವನಿಗೆ ಈ ಮನುಷ್ಯನ ಕುತ್ತಿಗೆ ಹಿಸುಕಬೇಕೆನ್ನಿಸಿತು. ಎಲ್ಲಿ ಮೌನ ಬರುತ್ತದೆ, ಎಲ್ಲಿ ಸೀಟಿ ಬರುತ್ತದೆ ಎಂಬುದು ಲೋಕದಲ್ಲಿ ತನಗೊಬ್ಬನಿಗೇ ಗೊತ್ತೆಂದುಕೊಂಡಿದ್ದ. ಇವನೂ ಬಾಯಿಪಾಠ ಮಾಡಿಟ್ಟಿದ್ದಾನಲ್ಲ, ಕಳ್ಳ! ಅಷ್ಟರಲ್ಲಿ ಕಡೆಯ ಸೀಟಿಯ ಹಿಂದೆಯೇ, ನಿದ್ದೆಗಣ್ಣಿನಲ್ಲಿ, ಆದರೆ ಒಂದಕ್ಷರ ತೊದಲದೆ, ಅವಳ ದನಿ ಬಂತು: “ಪ್ರಯಾಣಿಕರ ಗಮನಕ್ಕೆ. ಮಾರುಕಟ್ಟೆ ಮಾರ್ಗವಾಗಿ ಆಸ್ಪತ್ರೆಗೆ ಹೋಗುವ ಬಸ್ಸು…”

“ಕೇಳಿದ್ರಲ್ಲ,” ಗೋಡೆಯವರು ಗೆದ್ದ ನಗೆ ನಕ್ಕರು. “ಟಿ.ವಿ. ಬೇರೆ ಹಾಕ್ಕೊಂಡು ಮಲಗ್ತೀರಿ.”

ಅವರು ಹುಟ್ಟಿದಾಗಿನಿಂದ ಕಾರಿನಲ್ಲೇ ತಿರುಗಿದವರು. ಬಸ್ ನಿಲ್ದಾಣದ ಮೆಟ್ಟಿಲು ಹತ್ತಿದವರಲ್ಲ. ಆದರೆ ನಾಳೆ ಸಭೆಗೆ ಬರುವವರೆಲ್ಲ ದಿನಾ ಅದೇ ದನಿಗೆ ಓಡುವವರು. ಅವನು ಅಲ್ಲಿಯೇ ಜೇಬಿಗೆ ಕೈ ಹಾಕಿ ದಂಡ ತೆಗೆದುಕೊಳ್ಳಿರೆಂದು ಅಂಗಲಾಚಿದ. ಗೋಡೆಯವರು ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. “ಅದು ಆಗಲ್ಲ. ನಿಮ್ಮ ಭಾವಮೈದ ಆಕ್ಷೇಪಣೆ ಕೊಟ್ಟಿದಾನೆ. ವಿಚಾರಣೆ ಮುಗಿಯೋವರೆಗೂ ದಂಡ ಮುಟ್ಟೋ ಹಾಗಿಲ್ಲ. ಅದು ನಿಮ್ಮ ಹಕ್ಕು ಸ್ವಾಮಿ!”

ಹೀಗೆ ತನ್ನ ಹಕ್ಕುಗಳಿಂದ ಎಲ್ಲ ದಿಕ್ಕಿನಲ್ಲೂ ಮುತ್ತಿಗೆಗೆ ಒಳಗಾಗಿ ಅವನು ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ಕೂತಿದ್ದ. ಟೇಬಲ್ ಟೆನಿಸ್ ಮೇಜಿನ ಆಚೆ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು. ನಡುವಿನ ಬಲೆ ಬಿಚ್ಚಲು ಯಾರಿಗೂ ಬಾರದ್ದರಿಂದ ಅದರ ಮೇಲಿಂದ ಕತ್ತು ಎತ್ತಿ ಮಾತಾಡುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದ್ದವು. ಸುಣ್ಣ ಬಣ್ಣದ ಲೆಕ್ಕಕ್ಕೆ ಕರೆದರೆ ಮುಖ ತೋರಿಸದ ಜನ ಗೊರಕೆ ಅಂದದ್ದಕ್ಕೆ ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರು. ಹೆಂಡತಿ ಒಳ್ಳೆಯ ಸೀರೆ ಉಟ್ಟು, ನೆಟ್ಟಗೆ, ಗಂಡನ ಮಾನ ಕಾಯಲು ಬಂದವಳ ಗತ್ತಿನಲ್ಲಿ ಕೂತಿದ್ದಳು. ಅವಳ ಮೊಣಕೈ ಅವನ ತೋಳಿಗೆ ತಾಗುತ್ತಿತ್ತು, ಬೆಚ್ಚಗೆ. ಪಾಪ, ಅವನ ಸಲುವಾಗಿ ಭಾನುವಾರದ ಬೆಳಗಿನ ನಿದ್ದೆ ಬಿಟ್ಟಿದ್ದಳು.

ಪಾಯಿಂಟ್ ಎದ್ದ. ದೂರುದಾರರು ತೀರ್ಪಿನ ಮೇಜಿನಲ್ಲಿ ಕೂರುವಂತಿಲ್ಲ ಎಂದ. ಗುಸುಗುಸು ಎದ್ದು, ಗೋಡೆಯವರು ಮುಖ ಊದಿಸಿಕೊಂಡು ಕುರ್ಚಿಯನ್ನು ಎಳೆದು ಸಭೆಯ ಕಡೆ ಹಾಕಿಕೊಂಡರು. ಯಾವ ನಿಯಮದ ಕೆಳಗೆ ದಂಡ ಎಂದ. ಹೆಡ್‌ಮಾಸ್ಟರು ಕನ್ನಡಕ ಏರಿಸಿ, ‘ಸದ್ದು ಮಾಡುವ ಉಪಕರಣ, ವಾಹನ, ವಾದ್ಯ ಅಥವಾ ಪ್ರಾಣಿ’ ಎಂದು ಓದಿದರು.

“ನಮ್ಮ ಭಾವನ ಮೂಗು ಇದರಲ್ಲಿ ಯಾವುದು ಸರ್?” ಪಾಯಿಂಟ್ ಗುಡುಗಿದ. “ವಾಹನವೇ? ವಾದ್ಯವೇ?”

“ಪ್ರಾಣಿ ಅಂತ ಹಾಕ್ಕೊಳ್ಳಿ,” ಹಿಂದಿನಿಂದ ಯಾರೋ ಅಂದರು. ಕೋಣೆ ಘೊಳ್ಳೆಂದಿತು. ಅವನೂ ನಕ್ಕ. ಹೀಗೇ ನಗುನಗುತ್ತ ಮುಗಿದುಹೋಗಲಿ, ದೇವರೇ.

“ಇರ್ಲಿ, ಆ ಹೊತ್ತಿನಲ್ಲಿ ಭಾವ ಮನೇಲೇ ಇರಲಿಲ್ಲ ಸರ್! ಅಂಗಡೀಲಿದ್ರು. ಇದು ನಮ್ಮ—”

“ಇದ್ದೆ,” ಎಂದು ಅವನು ಎದ್ದು ನಿಂತುಬಿಟ್ಟ. “ಮನೇಲೇ ಇದ್ದೆ. ನಾನೇ ಹೊಡೆದದ್ದು. ಒಪ್ಪಿಕೊಂಡೆ. ಎಲ್ಲಿ ರುಜು ಹಾಕಬೇಕು ಹೇಳಿ.”

ಪಾಯಿಂಟ್ ಬಾಯಿ ಬಿಟ್ಟುಕೊಂಡು ನಿಂತ. ಹೆಂಡತಿ ಅವನ ಅಂಗಿಯ ಚುಂಗು ಹಿಡಿದೆಳೆದಳು. “ಏನ್ರೀ ಹೇಳ್ತಿದೀರಾ? ಮಧ್ಯಾಹ್ನ ನಾನು ಬಂದಾಗ ಮನೆಗೆ ಬೀಗ ಇರತ್ತೆ! ಸರ್, ಇವರು ಹೆದರಿ ಹೀಗೆ ಹೇಳ್ತಿದಾರೆ, ನಂಬಬೇಡಿ. ಇವರು ಇರಲ್ಲ.”

“ಹಾಗಿದ್ರೆ ಯಾರಮ್ಮ ಅದು?” ಹೆಡ್‌ಮಾಸ್ಟರು ಬಲೆಯ ಮೇಲಿಂದ ಇಣುಕಿದರು. ಕೇಳಿದ ಮೇಲೆ ಅವರಿಗೇ ಆ ಪ್ರಶ್ನೆಯ ಭಾರ ತಿಳಿದು ಕೆಮ್ಮು ಬಂತು. ಗಂಡ ಅಂಗಡಿಯಲ್ಲಿ, ಹೆಂಡತಿ ಮನೆಯಲ್ಲಿ, ಗೋಡೆ ನಡುಗಿಸುವ ಗಂಡುಗೊರಕೆ ಒಂದು ಮಂಚದ ಮೇಲೆ. ಕೆಳಮನೆಯ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ಗೋಡೆಯವರು, “ಅತಿಥಿಗಳ ಹೆಸರು ಗೇಟಿನಲ್ಲಿ ಬರೆಸದಿದ್ರೆ ಅದಕ್ಕೂ ಬೇರೆ ದಂಡ ಇದೆ,” ಎಂದರು ಮೆಲ್ಲಗೆ. ಅವನಿಗೆ ರಕ್ತವೆಲ್ಲ ತಲೆಗೆ ಏರಿತು. ನಾಯಿಗಳಾ! ಒಬ್ಬೊಬ್ಬರೂ ಒಂದಲ್ಲ ಒಂದು ದಿನ ಇವಳ ದನಿ ಕೇಳಿ ಬಸ್ಸು ತಪ್ಪಿಸಿಕೊಳ್ಳದೆ ಮನೆ ಮುಟ್ಟಿದವರಲ್ಲವೇ? ಕಿರುಚಿ ಹೇಳಿಬಿಡಲೇ, ಅವಳೇ ಹೊಡೆಯುವುದು, ಅವಳದೇ ಆ ಗೊರಕೆ ಎಂದು? ಹೇಳಿದರೆ ಅವಳ ದನಿ ಹೋಯಿತು. ಹೇಳದಿದ್ದರೆ ಅವಳ ಮಾನ ಹೋಯಿತು. ಎಲ್ಲರೂ ಕಾಯುತ್ತಿದ್ದರು.

ಹೆಂಡತಿ ಎದ್ದು ನಿಂತಳು. ಮುಖ ಕೆಂಪಾಗಿತ್ತು, ದನಿ ಮಾತ್ರ ನಿಲ್ದಾಣದ್ದು. “ಸಾಕ್ಷಿ ಹಾಕಿ. ಪೂರ್ತಿ ಹಾಕಿ. ನಾನೂ ಕೇಳಬೇಕು.”

“ಬೇಡ ಕಣೇ.”

“ನೀವು ಸುಮ್ನಿರಿ. ನಿಮಗೆ ನನ್ನ ಮೇಲೆ ನಂಬಿಕೆ ಇಲ್ವಾ?”

ಪಾಯಿಂಟ್ ಚೇತರಿಸಿಕೊಂಡು, “ಪೂರ್ತಿ! ಕತ್ತರಿಸಿದ್ದನ್ನ ಒಪ್ಪಲ್ಲ!” ಎಂದು ಕೂಗಿದ. ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿದರು.

ಇಯರ್‌ಫೋನಿನಲ್ಲಿ ಕೇಳಿದ್ದು ಏನೂ ಅಲ್ಲ. ಸ್ಪೀಕರಿನಲ್ಲಿ ಅದು ಭೂಮಿಯೊಳಗಿಂದ ಬಂತು. ಮೇಜಿನ ಮೇಲಿನ ಪಿಂಗ್‌ಪಾಂಗ್ ಚೆಂಡೊಂದು ಉರುಳಿ ಕೆಳಗೆ ಬಿತ್ತು. ಒಂದು ಮಗು ಅತ್ತಿತು. ಮಿಕ್ಕವರು ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟು ಒಂದು ಬಗೆಯ ಭಕ್ತಿಯಿಂದ ಕೇಳತೊಡಗಿದರು. ಅವನು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ತಲೆಯನ್ನು ಒಂದು ಕಡೆಗೆ ವಾಲಿಸಿ, ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು. ಯಾರದೋ ದನಿಯನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ತೂಗುವವಳಂತೆ. “ಇದು ಇವರದ್ದಲ್ಲ,” ಅಂದಳು ನಿಧಾನವಾಗಿ. “ಯಾರದೋ ತುಂಬ ದಣಿದವರದ್ದು.” ಮೌನ ಬಂತು. ಸೀಟಿ ಬಂತು. ಅವನು ಕಣ್ಣು ಮುಚ್ಚಿಕೊಂಡ.

“ಪ್ರಯಾಣಿಕರ ಗಮನಕ್ಕೆ. ಮಾರುಕಟ್ಟೆ ಮಾರ್ಗವಾಗಿ ಆಸ್ಪತ್ರೆಗೆ ಹೋಗುವ ಬಸ್ಸು…”

ಮುಂದಿನ ಸಾಲಿನ ಮುದುಕರೊಬ್ಬರು ಅಭ್ಯಾಸಬಲದಿಂದ ಎದ್ದು ನಿಂತು ಚೀಲ ಹುಡುಕಿದರು. ಆಮೇಲೆ ತಲೆಗಳು ಒಂದೊಂದಾಗಿ ಅವಳ ಕಡೆ ತಿರುಗಿದ ಸದ್ದು ಅವನಿಗೆ ಮುಚ್ಚಿದ ಕಣ್ಣಿನಲ್ಲೇ ಕೇಳಿಸಿತು. ಅವನು ಕಣ್ಣು ತೆರೆದಾಗ ಅವಳು ಸಭೆಯನ್ನಲ್ಲ, ಅವನನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಟೆನಿಸ್ ಚೆಂಡು, ಉಪ್ಪುನೀರು, ಹಜಾರದ ಚಾಪೆ ಎಲ್ಲವೂ ಸರಸರನೆ ಹಾದುಹೋದವು. ಅವಳಿಗೆ ಎಲ್ಲ ತಿಳಿದುಹೋಯಿತೆಂದು ಅವನಿಗೂ ತಿಳಿಯಿತು. ಈಗ ಅಳುತ್ತಾಳೆ, ಎದ್ದು ಓಡುತ್ತಾಳೆ ಅಂದುಕೊಂಡ. ಅವಳು ಗಂಟಲು ಸರಿಮಾಡಿಕೊಂಡಳು.

“ಅದು ನಾನು,” ಅಂದಳು. ಕೋಣೆಯ ಕಡೆಯ ಕುರ್ಚಿಗೂ ಮುಟ್ಟುವ ಹಾಗೆ, ಏರಿಸದೆ, ಇಳಿಸದೆ. “ನಾನೇ ಗೊರಕೆ ಹೊಡೀತೀನಿ. ಇವತ್ತು ಗೊತ್ತಾಯ್ತು. ದಂಡ ಹಾಕಿರೋದು ಇವರಿಗೆ. ಇವರು ಹೊಡೆದಿಲ್ಲ. ಅಂದ ಮೇಲೆ ಈ ದಂಡ ತಪ್ಪು, ಅಲ್ವಾ ಸರ್?”

ಹೆಡ್‌ಮಾಸ್ಟರು ಬಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ತಪ್ಪು… ಆದರೆ ಹೊಸ ನೋಟಿಸು ತಮ್ಮ ಹೆಸರಿಗೆ—”

“ಕೊಡಿ. ನಿಯಮ ಎಲ್ಲರಿಗೂ ಒಂದೇ ಅಲ್ವಾ? ಈ ಕಟ್ಟಡದಲ್ಲಿ ಮಧ್ಯಾಹ್ನ ಗೊರಕೆ ಹೊಡೆಯೋ ಪ್ರತಿಯೊಬ್ಬರಿಗೂ ಕೊಡಿ. ಹೊಡೆಯದವರು ಕೈ ಎತ್ತಲಿ, ಅವರನ್ನ ಬಿಟ್ಟುಬಿಡಿ.”

“ಪಾಯಿಂಟ್!” ಎಂದು ತಮ್ಮ ತನ್ನ ಹೆಸರನ್ನೇ ಕೂಗಿಕೊಂಡ.

ಗಂಡಸರೆಲ್ಲ ಠೀವಿಯಿಂದ ಕೈ ಎತ್ತಿದರು. ಆಮೇಲೆ ಒಂದು ವಿಚಿತ್ರ ನಡೆಯಿತು. ಹೆಂಡತಿಯರು ಒಬ್ಬೊಬ್ಬರಾಗಿ ಪಕ್ಕದಲ್ಲಿದ್ದ ಕೈಗಳನ್ನು ಹಿಡಿದು ಕೆಳಕ್ಕೆ ಎಳೆಯತೊಡಗಿದರು. “ಇಳಿಸ್ರೀ, ನಾಚಿಕೆ ಆಗಲ್ವಾ,” “ನಿಮ್ಮಮ್ಮನ್ನ ಕೇಳಲಾ?” ಎಂಬ ಪಿಸುಮಾತುಗಳು. ಹೆಂಗಸರು ಎತ್ತಿದ ಕೈಗಳನ್ನು ಮಕ್ಕಳು ಎಳೆದವು. ಹೆಡ್‌ಮಾಸ್ಟರ ಕೈ ಅರ್ಧಕ್ಕೆ ಏರಿ, ಮೂರನೆಯ ಸಾಲಿನಲ್ಲಿದ್ದ ಶ್ರೀಮತಿಯವರ ಕಣ್ಣಿಗೆ ಸಿಕ್ಕಿ, ಕಿವಿ ಕೆರೆದುಕೊಂಡು ಇಳಿಯಿತು. ಕಡೆಗೆ ಉಳಿದದ್ದು ಗೋಡೆಯವರ ಕೈಯೊಂದೇ. ಒಂಟಿ ಮನುಷ್ಯ, ಪಾಪ, ಎಳೆಯುವವರು ಯಾರೂ ಇರಲಿಲ್ಲ. ಅದು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಅವನಿಗೆ ಇದ್ದಕ್ಕಿದ್ದಂತೆ ಆ ಕೈಯ ಬಗ್ಗೆ ಸಿಟ್ಟು ಇಳಿದುಹೋಯಿತು. ಕಿವಿಗೊಟ್ಟು ಕೇಳಲು ಪಕ್ಕದಲ್ಲಿ ಯಾರೂ ಇಲ್ಲದವನಿಗೆ ಗೋಡೆಯಲ್ಲದೆ ಇನ್ನೇನಿದೆ?

ದಂಡ ರದ್ದಾಯಿತು. ಪಾಯಿಂಟ್ ಅಲ್ಲಿಯೇ ನಿಂತು ಎಲ್ಲರಿಗೂ ತನ್ನ ಫೋನ್ ನಂಬರು ಹಂಚುತ್ತಿದ್ದ. ಅವರಿಬ್ಬರೂ ಮೆಟ್ಟಿಲು ಹತ್ತಿ ಮನೆಗೆ ಬಂದರು. ದಾರಿಯಲ್ಲಿ ಕೆಳಮನೆಯ ಹೆಂಗಸು ಅವಳ ಕೈ ಹಿಡಿದು, “ನಂದೂ ಹಂಗೇ ಅಂತೆ ಕಣ್ರೀ, ಯಾರೂ ಹೇಳಿರಲಿಲ್ಲ,” ಅಂದಳು. ಅವಳು ನಕ್ಕಳು. ಅವನ ಕಡೆ ತಿರುಗಿದಾಗ ನಗು ಇರಲಿಲ್ಲ.

ಊಟ ಮುಗಿಯುವ ತನಕ ಪಾತ್ರೆಗಳು ಮಾತ್ರ ಮಾತಾಡಿದವು. ಆಮೇಲೆ ಅವಳು ಕೈ ಒರೆಸಿಕೊಳ್ಳುತ್ತ ಕೋಣೆಯ ಬಾಗಿಲಲ್ಲಿ ನಿಂತಳು.

“ಮೊದಲಿಂದಾನೂ ಗೊತ್ತಿತ್ತಾ?”

“ಹೂಂ.”

“ಊರಿಗೆಲ್ಲ ನಿಮ್ಮನ್ನ ಆಡಿಕೊಂಡೆನಲ್ರೀ ನಾನು. ಅಪ್ಪ ಎಬ್ಬಿಸ್ತಿದ್ರಲ್ಲ ನಿಮ್ಮನ್ನ. ಒಳಗೊಳಗೇ ನಗ್ತಿದ್ರಾ?”

“ಇಲ್ಲ ಕಣೇ. ನಿನಗೆ ಬೇಜಾರಾಗತ್ತೆ ಅಂತ…”

“ಬೇಜಾರು ಮಾಡ್ಕೊಳ್ಳೋದು ನನ್ನ ಹಕ್ಕು! ನೀವ್ಯಾರು ಅದನ್ನ ಕಿತ್ಕೊಳ್ಳೋಕೆ? ಆ ಗೋಡೆ ಮೂರ್ಖನಾದ್ರೂ ನೋಟಿಸು ಕೊಟ್ಟ. ನೀವು ಒಂದು ಮಾತು ಹೇಳದೆ, ಕೇಳದೆ, ನಿಮ್ಮಷ್ಟಕ್ಕೆ ತೀರ್ಪು ಕೊಟ್ಟು, ದೊಡ್ಡ ಮನುಷ್ಯರಾಗಿ ಕೂತುಬಿಟ್ರಲ್ಲ ಇಷ್ಟು ವರ್ಷ. ನಿಮ್ಮನ್ನ ಪಾಪ ಅಂತಿದ್ದೆ ನಾನು. ನೀವು ನನ್ನನ್ನ ಪಾಪ ಅಂತಿದ್ರಿ!”

ಇಷ್ಟು ಸರಿಯಾಗಿ ಯಾರೂ ಅವನನ್ನು ಹಿಡಿದಿರಲಿಲ್ಲ. ತನ್ನ ತ್ಯಾಗವೆಂಬುದನ್ನು ಅವನು ವರ್ಷಗಟ್ಟಲೆ ಒಳಗೊಳಗೇ ಸವರಿ ನುಣುಪು ಮಾಡಿಟ್ಟಿದ್ದ. ಅವಳು ಅದನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಗಡಿಯಾರದಲ್ಲಿ ನಿಶ್ಶಬ್ದ ವೇಳೆ ಶುರುವಾಗಿತ್ತು. ಅವಳು ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

“ಮಲಕ್ಕೊಳ್ಳಿ.”

“ನಾನಾ? ನಿನಗೆ ನಿದ್ದೆ ಇಲ್ವಲ್ಲ ಬೆಳಿಗ್ಗೆಯಿಂದ.”

“ನನ್ನದು ಇಡೀ ಕಟ್ಟಡ ಕೇಳಾಯ್ತು. ಇವತ್ತು ನಾನು ಕೇಳ್ತೀನಿ. ಯಾವತ್ತಾದ್ರೂ ನನಗಿಂತ ಮೊದಲು ನಿದ್ದೆ ಮಾಡಿದೀರಾ ನೀವು? ನೀವು ಹೊಡೆಯಲ್ಲ ಅಂತ ನಿಮಗೆ ಹೇಳಿದೋರು ಯಾರು?”

ನಿಜಕ್ಕೂ, ಯಾರು ಹೇಳಿದ್ದು? ಎಷ್ಟೋ ವರ್ಷಗಳಿಂದ ಅವನು ಅವಳ ಉಸಿರನ್ನು ಕೇಳುತ್ತ ಕೇಳುತ್ತ ಯಾವಾಗಲೋ ಜಾರಿಹೋಗುತ್ತಿದ್ದ, ಅವಳು ಏಳುವ ಮೊದಲೇ ಎಚ್ಚರಾಗುತ್ತಿದ್ದ. ನಡುವಿನ ಆ ಕತ್ತಲೆಯಲ್ಲಿ ತಾನು ಏನು ಮಾಡುತ್ತಿದ್ದೆನೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಮೊದಲ ಸಲ ಭಯವಾಯಿತು. ಅಂಗಡಿಯಲ್ಲಿ ಗಿರಾಕಿಗಳ ಎದುರು ಮಲಗಿದ ಹಾಗಲ್ಲ ಇದು; ಅಲ್ಲಿ ನಿದ್ದೆ ಮಾಡುವಂತಿರಲಿಲ್ಲ. ಅವನು ಮಗ್ಗುಲಾಗಲು ನೋಡಿದ. “ಅಂಗಾತ,” ಅಂದಳು ಅವಳು. ಅಂಗಾತ ಮಲಗಿದ. ಏನೇ ಆಗಲಿ ಎಚ್ಚರವಾಗಿರಬೇಕು, ಬಾಯಿ ಬಿಗಿಹಿಡಿಯಬೇಕು ಎಂದು ಹಲ್ಲು ಕಚ್ಚಿಕೊಂಡ. ಆದರೆ ಅವಳ ಸಿಟ್ಟಿನ ಕೆಳಗೆ, ಅವಳು ಅಲ್ಲಿಯೇ ಕೂತಿದ್ದಾಳೆ ಎಂಬುದೊಂದು ಇತ್ತು. ಕಾಯಬೇಕಾದ್ದು ಇನ್ನೇನೂ ಉಳಿದಿರಲಿಲ್ಲ. ಹಲ್ಲು ತಾನಾಗಿ ಸಡಿಲಿತು. ಹೆಗಲಿನಿಂದ ಏನೋ ಇಳಿದು ಹೋದಂತಾಗಿ, ಅವನು ಅವಳಿಗಿಂತ ಮೊದಲು ನಿದ್ದೆಹೋದ.

ಎಚ್ಚರವಾದಾಗ ಬಿಸಿಲು ಗೋಡೆ ಬಿಟ್ಟು ನೆಲಕ್ಕೆ ಇಳಿದಿತ್ತು. ಅವಳು ಅದೇ ಕುರ್ಚಿಯಲ್ಲಿ, ಗಲ್ಲಕ್ಕೆ ಕೈ ಕೊಟ್ಟು ಅವನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ಅತ್ತಿದ್ದೋ, ತಡೆಯಲಾರದೆ ನಕ್ಕಿದ್ದೋ ತಿಳಿಯುವಂತಿರಲಿಲ್ಲ.

“ಏನಾಯ್ತು?” ಅವನು ಗಾಬರಿಯಿಂದ ಎದ್ದು ಕೂತ. “ಹೊಡೆದ್ನಾ? ಹೇಳೇ, ಹೊಡೆದ್ನಾ?”

ಅವಳು ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿ, ಅವನು ಬೆಚ್ಚಗೆ ಬಿಟ್ಟಿದ್ದ ಜಾಗದಲ್ಲಿ ಹೋಗಿ ಮಲಗಿ, ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡಳು.

“ಹೇಳಲ್ಲ, ಹೋಗ್ರೀ.”